ಕೆಂಪು ನೂಲು ಕಟ್ಟಿದ ತಂತಿ

ನಮ್ಮ ಬೀದಿಯಲ್ಲಿ ಒಬ್ಬನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಬಲ್ಬು ಏಕೆ ಮಿಣುಕುತ್ತದೆ, ಹಲ್ಲಿ ಏಕೆ ಗೋಡೆಯಿಂದ ಬೀಳುವುದಿಲ್ಲ, ಸರ್ಕಾರ ಏಕೆ ಬೀಳುತ್ತದೆ, ಏನೇ ಕೇಳಿ, ಕೇಳುವುದು ಮುಗಿಯುವ ಮೊದಲೇ "ಗೊತ್ತಪ್ಪ, ಗೊತ್ತು" ಎನ್ನುತ್ತಾನೆ. ಹೀಗಾಗಿ ಹೆತ್ತವರು ಇಟ್ಟ ಹೆಸರು ಮೂಲೆಗೆ ಸೇರಿ, ಗೊತ್ತಪ್ಪ ಎಂಬುದೇ ಅವನ ಹೆಸರಾಗಿ ನಿಂತಿತು. ಅವನ ಹೆಂಡತಿಯೂ ಜಗಳದ ಹೊತ್ತಿನಲ್ಲಿ ಆ ಹೆಸರನ್ನೇ ಬಳಸುತ್ತಾಳೆ.

ಗೊತ್ತಪ್ಪನದು ಸ್ವೆಟರ್ ಅಂಗಡಿ. ಪಕ್ಕದ ಕನ್ನಡಕದ ಅಂಗಡಿ ನನ್ನದು. ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಆದ್ದರಿಂದ ಮುಂದೆ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಗೋಡೆಗೆ ಕಿವಿಗೊಟ್ಟು ಕೇಳಿದ್ದು. ನಾನಾಗಿ ಸೇರಿಸಿದ್ದು ಏನೂ ಇಲ್ಲ. ಕನ್ನಡಕದ ವ್ಯಾಪಾರದವನು, ಇದ್ದದ್ದನ್ನು ಇದ್ದ ಹಾಗೆ ತೋರಿಸುವುದೇ ನನ್ನ ಕಸುಬು.

ಆ ವರ್ಷ ಚಳಿಗಾಲ ಕ್ಯಾಲೆಂಡರಿಗೆ ಬಂತೇ ಹೊರತು ಬೀದಿಗೆ ಬರಲಿಲ್ಲ. ಬೆಳಗ್ಗೆ ಒಂದಿಷ್ಟು ಹೊತ್ತು ತಣ್ಣಗಿದ್ದಂತೆ ನಾಟಕವಾಡಿ, ಆಮೇಲೆ ಧಗೆ. ಗೊತ್ತಪ್ಪನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ, ಅಂಗಡಿಯ ಹಿಂಭಾಗದಲ್ಲಿ ಕುಳಿತು ಬೇಸಿಗೆಯಿಡೀ ಹೆಣೆದ ಸ್ವೆಟರ್‌ಗಳು ಕಪಾಟು ತುಂಬಿ ಸೂರು ಮುಟ್ಟಿದ್ದವು. ಒಂದು ಕಾಲರ್‌ ಮುಟ್ಟಿ ನೋಡುವವರೂ ಇರಲಿಲ್ಲ.

ಅಂಗಡಿಯ ಜಾಗ ಅಕ್ಕನ ಅಣ್ಣನದು. ಗೊತ್ತಪ್ಪ ಅವರನ್ನು ಭಾವ ಎನ್ನುವುದರಿಂದ ಇಡೀ ಬೀದಿಗೆ ಅವರು ಭಾವ. ಭಾವನಿಗೆ ಉಣ್ಣೆ ಕಂಡರಾಗದು. "ಚುಚ್ಚುತ್ತೆ" ಎಂಬ ಒಂದೇ ಮಾತಿನಲ್ಲಿ ತಂಗಿಯ ಇಷ್ಟು ವರ್ಷದ ಕೆಲಸವನ್ನು ತಳ್ಳಿಹಾಕುವ ಮನುಷ್ಯ. ಅಕ್ಕ ಹೆಣೆದ ಒಂದು ಸ್ವೆಟರನ್ನೂ ಅವರು ಮೈಗೆ ಸೋಕಿಸಿದವರಲ್ಲ.

ಒಂದು ದಿನ ಭಾವ ಬಂದು ಹೊಸ್ತಿಲಲ್ಲೇ ನಿಂತರು. "ನೋಡಪ್ಪಾ, ಜಾಗ ಸುಮ್ನೆ ಕೊಳೀತಾ ಇದೆ. ಐಸ್‌ಕ್ರೀಮ್ ಅಂಗಡಿಯವರೊಬ್ಬರು ಕೇಳ್ತಿದಾರೆ. ಮುಂದಿನ ತಿಂಗಳು ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಈ ಕಪಾಟು ಖಾಲಿ ಆದ್ರೆ ನೀವಿರಿ. ಇಲ್ಲಾಂದ್ರೆ ಅವರಿರ್ಲಿ."

ಒಳಗೆ ಅಕ್ಕನ ಕಡ್ಡಿಗಳ ಟಿಕ್‌ಟಿಕ್ ನಿಂತಿತು. ಆ ಅಂಗಡಿ ಹೋದರೆ ಅವಳಿಗೆ ಉಳಿಯುವುದು ಎರಡು ಕಡ್ಡಿ, ಒಂದು ಬುಟ್ಟಿ, ಅಷ್ಟೇ.

"ಗೊತ್ತಪ್ಪ, ಗೊತ್ತು" ಎಂದ ನಮ್ಮವನು ಅಂಗಡಿಯನ್ನು ಉಳಿಸುವ ದಾರಿ ಹುಡುಕಲು ತಲೆ ಕೆಡಿಸಿಕೊಂಡ. ಮರುದಿನ ಒಂದು ಪೆಟ್ಟಿಗೆ ಹಿಡಿದುಕೊಂಡು ನನ್ನ ಬಳಿ ಬಂದ. ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ಬಿಲ್ಲೆ.

"ಜಾಣ ಥರ್ಮೋಸ್ಟಾಟ್ ಕಣಯ್ಯ. ಗೋಡೆ ಮೇಲೆ ಕೂತ್ಕೊಂಡು ತಾನೇ ಯೋಚನೆ ಮಾಡುತ್ತೆ. ಅಂಗಡಿ ಬಿಸಿ ಆಗಬೇಕಾ, ತಣ್ಣಗಾಗಬೇಕಾ, ಅದೇ ಮೇಲಿನ ಯಂತ್ರಕ್ಕೆ ಹೇಳುತ್ತೆ."

ಮೇಲಿನ ಯಂತ್ರವೆಂದರೆ ಭಾವ ಹಿಂದೊಮ್ಮೆ ಸೂರಿನ ಮೇಲೆ ಹಾಕಿಸಿದ್ದ ದೊಡ್ಡ ಗಾಳಿಯಂತ್ರ. ಬೇಕೆಂದರೆ ಬಿಸಿಗಾಳಿ ಬಿಡುತ್ತದೆ, ಬೇಕೆಂದರೆ ತಣ್ಣನೆಯದು. ಗೋಡೆಯ ಮೇಲಿನ ಹಳೆಯ ಗುಂಡಿ ತಿರುಗಿಸುವವರಿಲ್ಲದೆ ತುಕ್ಕು ಹಿಡಿದಿತ್ತು.

"ಅದರಿಂದ ಸ್ವೆಟರ್ ಹೇಗೆ ಖರ್ಚಾಗುತ್ತೆ?" ಎಂದೆ.

"ಸ್ವೆಟರ್ ಅಂಗಡಿ ಬೆಚ್ಚಗಿರಬೇಕು. ಒಳಗೆ ಕಾಲಿಟ್ಟ ತಕ್ಷಣ ಸ್ವೆಟರ್ ಹಾಕ್ಕೊಂಡ ಹಾಗೆ ಅನ್ನಿಸಬೇಕು."

"ಹಾಕ್ಕೊಂಡ ಹಾಗೆ ಅನ್ನಿಸಿದ ಮೇಲೆ ಮತ್ತೆ ಕೊಂಡ್ಕೊಳ್ಳೋದ್ಯಾಕೆ?"

ಅವನು ನನ್ನತ್ತ ಕರುಣೆಯಿಂದ ನೋಡಿದ. ವ್ಯಾಪಾರದ ಸೂಕ್ಷ್ಮ ತಿಳಿಯದವನೊಂದಿಗೆ ವಾದ ಏಕೆ ಎಂದುಕೊಂಡಿರಬೇಕು.

ಯಂತ್ರ ಕೂರಿಸಲು ಕೆಲಸಗಾರರನ್ನು ಕರೆಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗೊತ್ತಿದ್ದವನು ಇನ್ನೊಬ್ಬರನ್ನು ಕರೆಯುವುದುಂಟೆ? ಸ್ಟೂಲು ಹತ್ತಿ ಹಳೆಯ ಗುಂಡಿ ಕಿತ್ತ. ಒಳಗಿನ ತಂತಿಗಳಿಗೆ ಹಿಂದಿನ ಸಲ ಗೋಡೆಗೆ ಬಳಿದ ಬಣ್ಣವೇ ಮೆತ್ತಿಕೊಂಡು ಎಲ್ಲವೂ ಒಂದೇ ತರಹ ಕಾಣುತ್ತಿದ್ದವು. ಬಿಸಿಯ ತಂತಿ ಯಾವುದು, ತಂಪಿನದು ಯಾವುದು ಎಂದು ಹಳೆಯ ಗುಂಡಿಯ ಮೇಲೆ ಬರೆದಿತ್ತು. ಬಿಚ್ಚಿದ ಮೇಲೆ ಮರೆಯಬಾರದೆಂದು ಗೊತ್ತಪ್ಪ ತಂಪಿನ ತಂತಿಗೆ ಕೆಂಪು ನೂಲಿನ ತುಂಡು, ಬಿಸಿಯ ತಂತಿಗೆ ನೀಲಿ ನೂಲಿನ ತುಂಡು ಕಟ್ಟಿದ.

ಇದೇನು ತಲೆಕೆಳಗು ಎನ್ನಬೇಡಿ. ಅದು ಆ ಅಂಗಡಿಯ ಪದ್ಧತಿ. ಅಕ್ಕ ಹೆಣೆದ ಪ್ರತಿ ಸ್ವೆಟರಿನ ಕಾಲರ್ ಒಳಗೆ ಒಂದು ಎಳೆ ನೂಲು ಕಟ್ಟಿರುತ್ತದೆ. ಕೆಂಪಿದ್ದರೆ ಕಡುಚಳಿಯ ದಪ್ಪ ಹೆಣಿಗೆ, ನೀಲಿಯಿದ್ದರೆ ಬೆಚ್ಚನೆ ದಿನಗಳ ತೆಳು ಹೆಣಿಗೆ. ಲೋಕಕ್ಕೆಲ್ಲ ಕೆಂಪೆಂದರೆ ಬಿಸಿ. ಗೊತ್ತಪ್ಪನಿಗೆ ಕೆಂಪೆಂದರೆ ಚಳಿ. ಮದುವೆಯಾದಾಗಿನಿಂದ ಅವನು ಹಾಗೆಯೇ ಬದುಕಿದ್ದಾನೆ.

ಕಟ್ಟಿ ಇಳಿಯುವಾಗ ಸ್ಟೂಲು ವಾಲಿತು. ಗೊತ್ತಪ್ಪ ಸುಖವಾಗಿ ಸ್ವೆಟರ್ ರಾಶಿಯ ಮೇಲೆ ಕುಳಿತ. ಕನ್ನಡಕ ಅವನ ಅಡಿಯಲ್ಲಿತ್ತು. ಅದನ್ನು ನನ್ನಲ್ಲಿಗೆ ತಂದ. ಕಿವಿಯ ಕಡ್ಡಿ ಮುರಿದಿತ್ತು, ಹೊಸದು ತರಿಸಬೇಕೆಂದೆ. ಕಣ್ಣು ಕಾಣದವನಿಗೆ ಸಣ್ಣ ತಿರುಪು ಬಿಗಿಯುವುದಾಗದು. ಅಕ್ಕ ಸ್ಟೂಲು ಹತ್ತಿದಳು. ಹೊಸ ಬಿಲ್ಲೆಯ ಹಿಂದೆ ಒಂದು ಕೆಂಪು ಚುಕ್ಕೆ, ಒಂದು ನೀಲಿ ಚುಕ್ಕೆ. ಅಕ್ಕ ಕೆಂಪು ನೂಲಿನ ತಂತಿಯನ್ನು ಕೆಂಪು ಚುಕ್ಕೆಗೆ, ನೀಲಿ ನೂಲಿನದನ್ನು ನೀಲಿ ಚುಕ್ಕೆಗೆ ಅಚ್ಚುಕಟ್ಟಾಗಿ ಬಿಗಿದಳು. ಹೊಲಿಗೆ ಹೆಣಿಗೆಯವರ ಕೈ, ಒಂದು ಎಳೆಯೂ ಹೊರಗೆ ಕಾಣುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಗೊತ್ತಪ್ಪ ಯಂತ್ರಕ್ಕೆ ಬಿಸಿ ಮಾಡಲು ಹೇಳಿದ. ಯಂತ್ರ ಬಿಸಿಯ ತಂತಿಗೆ ಎಂದುಕೊಂಡು ತಂಪಿನ ತಂತಿಗೆ ಅಪ್ಪಣೆ ಕೊಟ್ಟಿತು. ಅಂಗಡಿ ತಣ್ಣಗಾಯಿತು. ತಣ್ಣಗಾದದ್ದನ್ನು ಕಂಡ ಜಾಣ ಯಂತ್ರ, ಇನ್ನಷ್ಟು ಬಿಸಿ ಬೇಕು ಎಂದುಕೊಂಡು ಇನ್ನಷ್ಟು ತಣ್ಣಗೆ ಮಾಡಿತು. ದಡ್ಡ ಯಂತ್ರವಾಗಿದ್ದರೆ ಎಲ್ಲೋ ಒಂದು ಕಡೆ ಸುಸ್ತಾಗಿ ನಿಲ್ಲುತ್ತಿತ್ತು. ಇದು ಜಾಣ, ಪಟ್ಟು ಬಿಡಲಿಲ್ಲ.

ಒಳಗೆ ಬಂದ ಮೊದಲಿಗರು ನಿವೃತ್ತ ಮೇಷ್ಟ್ರು. ಅವರು ಕೊಳ್ಳಲು ಬರುವವರಲ್ಲ, ಪುಕ್ಕಟೆ ಪೇಪರ್ ಓದಲು ಬರುವವರು. ಸಂಪಾದಕೀಯಕ್ಕೆ ಬರುವಷ್ಟರಲ್ಲಿ ಪೇಪರ್ ನಡುಗತೊಡಗಿತು. ಹಲ್ಲು ಕಟಕಟ ಎಂದಿತು. "ಒಂದು ದಪ್ಪಂದು ಕೊಡಯ್ಯಾ, ಏನೋ ಚಳಿ" ಎಂದು ಕೊಂಡು ಹಾಕಿಕೊಂಡರು. ಹೊರಗಿನ ಧಗೆಗೆ ಬಂದದ್ದೇ ಅವರ ಕನ್ನಡಕದ ಗಾಜು ಪೂರ್ತಿ ಮಂಜಾಯಿತು. ಗೋಡೆ ತಡವಿಕೊಂಡು ನನ್ನ ಅಂಗಡಿಗೆ ಬಂದು, "ನನ್ನ ಕಣ್ಣು ಹೋಯ್ತು" ಎಂದರು. ನಾನು ಒರೆಸಿ ಕೊಟ್ಟೆ. ಕಣ್ಣು ಬಂತು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಮೇಷ್ಟ್ರು ಮೇಷ್ಟ್ರೇ. ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಬೆವರು ಸುರಿಸುತ್ತಾ ಹೋಗುವವರನ್ನು ಜನ ಕೇಳುತ್ತಾರೆ. ತಾನು ತಪ್ಪಿದೆ ಎಂದು ಒಪ್ಪಿಕೊಳ್ಳುವುದು ಅವರ ಜಾಯಮಾನದಲ್ಲಿಲ್ಲ. "ಚಳಿ ಬರ್ತಾ ಇದೆ. ಕೆಲವರಿಗೆ ಮೊದಲೇ ತಿಳಿಯುತ್ತೆ" ಎಂದರು. ಬೀದಿಯ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ಮೇಷ್ಟ್ರ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವಿಲ್ಲ. ಒಬ್ಬೊಬ್ಬರಾಗಿ ಗೊತ್ತಪ್ಪನ ಅಂಗಡಿಗೆ ಬಂದರು. ಒಳಗೆ ಕಾಲಿಟ್ಟರೆ ಹೌದು, ಚಳಿಯೋ ಚಳಿ. ಸ್ವೆಟರ್ ಹಾಕಿಕೊಂಡೇ ಹೊರಬಂದರು. ಅವರನ್ನು ಕಂಡವರು ಇನ್ನೊಂದಷ್ಟು ಮಂದಿ ಬಂದರು. ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯಲ್ಲಿ ಸ್ವೆಟರ್ ಹಾಕದವನು ಮೈಮೇಲೆ ಎಚ್ಚರವಿಲ್ಲದವನು ಎಂಬಂತಾಯಿತು. ಔಷಧಿ ಅಂಗಡಿಯವನು ಕೆಮ್ಮಿನ ಔಷಧಿಯನ್ನು ಮುಂದಿನ ಸಾಲಿಗೆ ತಂದಿಟ್ಟ. ನನ್ನ ಅಂಗಡಿಯಲ್ಲಿ ಮಂಜು ಒರೆಸಿಕೊಳ್ಳುವವರ ಸಾಲು.

ಅಕ್ಕನಿಗೆ ಮಾತ್ರ ಚಳಿಯ ಸುಳಿವೇ ಇಲ್ಲ. ಅವಳು ಮೂರು ಹೊತ್ತೂ ತನ್ನದೇ ಕೆಂಪು ನೂಲಿನ ಸ್ವೆಟರ್ ತೊಟ್ಟು ಕೂರುವವಳು. "ನೋಡಿದ್ರಾ" ಎಂದು ಗಂಡನಿಗೆ ಹೇಳುವುದು ಗೋಡೆಯಾಚೆ ಕೇಳಿಸಿತು. "ಕೊನೆಗೂ ಜನಕ್ಕೆ ಕೈಹೆಣಿಗೆ ಬೆಲೆ ಗೊತ್ತಾಯ್ತು."

"ಗೊತ್ತಪ್ಪ, ಗೊತ್ತು" ಎಂದ ಗೊತ್ತಪ್ಪ. ಆದರೆ ದನಿ ಎಂದಿನಂತಿರಲಿಲ್ಲ. ಎದುರಿಗೆ "ಇದು ಹೊಸ ತರದ ಬಿಸಿ, ಮೈಗೆ ನಿಧಾನವಾಗಿ ಹತ್ತುತ್ತೆ" ಎನ್ನುತ್ತಿದ್ದವನು, ಗಿರಾಕಿ ಇಲ್ಲದಾಗ ಕಪಾಟಿನ ಹಿಂದೆ ಬಗ್ಗಿ ಕಂಪನಿಯ ಸಹಾಯವಾಣಿಗೆ ಫೋನ್ ಮಾಡುತ್ತಿದ್ದ. ಆ ಕಪಾಟಿನ ಹಿಂದೆ ಇರುವುದು ನನ್ನ ಗೋಡೆ. ಕಣ್ಣು ಸರಿಯಾಗಿ ಕಾಣದೆ ಫೋನನ್ನು ಸ್ಪೀಕರ್‌ಗೆ ಹಾಕುತ್ತಿದ್ದುದರಿಂದ ಆಚೆಯ ಹುಡುಗಿಯ ಮಾತೂ ನನಗೆ ಸ್ಪಷ್ಟ.

"ನಮಸ್ಕಾರ ಸರ್, ತಮ್ಮ ಸಮಸ್ಯೆ... ಆಕ್ಷಿ... ಏನು ಸರ್?"

"ಬಿಸಿ ಮಾಡು ಅಂದ್ರೆ ತಣ್ಣಗೆ ಮಾಡ್ತಿದೆ ಅಮ್ಮಾ."

"ಎಷ್ಟಕ್ಕೆ ಇಟ್ಟಿದೀರ ಸರ್?"

"ಇಪ್ಪತ್ತಾರು. ಅದು ತೋರಿಸ್ತಿರೋದು ಹದಿನಾಲ್ಕು."

"ಹಾಗಾದ್ರೆ ಇನ್ನೂ ಪ್ರಯತ್ನ ಪಡ್ತಾ ಇದೆ ಸರ್. ಸ್ವಲ್ಪ ಕಾಯಿರಿ."

"ಕಾದಷ್ಟೂ ತಣ್ಣಗಾಗ್ತಿದೆ ಕಣಮ್ಮಾ."

"ಅದು ಜಾಣ ಯಂತ್ರ ಸರ್. ನಿಮ್ಮ ಅಭ್ಯಾಸ ಕಲೀತಾ ಇದೆ."

"ನಂಗೆ ನಡುಗೋ ಅಭ್ಯಾಸ ಇಲ್ಲವಲ್ಲಮ್ಮ."

ಆ ಕಡೆ ಇನ್ನೊಂದು ಸೀನು. "ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದ. "ತಂತಿ ನೋಡಿ ಸರ್. ಕೆಂಪು ತಂತಿ ಕೆಂಪು ಚುಕ್ಕೆಗೇ ಇದೆಯಾ?"

ಗೊತ್ತಪ್ಪ ಹೆಂಡತಿಯನ್ನು ಕೂಗಿ ಕೇಳಿದ. "ಕೆಂಪಿಗೆ ಕೆಂಪೇ ಹಾಕಿದೀನಿ" ಎಂದಳು ಅಕ್ಕ.

"ಕೆಂಪಿಗೇ ಇದೆಯಂತೆ."

"ನೀಲಿ?"

"ನೀಲಿಗೆ."

"ಹಾಗಾದ್ರೆ ಎಲ್ಲಾ ಸರಿ ಇದೆ ಸರ್. ಶುಭದಿನ... ಆಕ್ಷಿ."

ಇದೇ ಸಂಭಾಷಣೆ ದಿನಕ್ಕೊಮ್ಮೆ ನಡೆಯಿತು. ಹುಡುಗಿ ಬದಲಾಗಲಿಲ್ಲ, ಸೀನೂ ನಿಲ್ಲಲಿಲ್ಲ, ಅಂಗಡಿಯೂ ಬೆಚ್ಚಗಾಗಲಿಲ್ಲ.

ಅಷ್ಟರಲ್ಲಿ ಕರೆಂಟ್ ಆಫೀಸಿನ ಇನ್ಸ್‌ಪೆಕ್ಟರ್ ಬಂದರು. ಬೀದಿದೀಪ ಮಂಕಾಗಿದೆ ಎಂದು ಯಾರೋ ದೂರು ಕೊಟ್ಟಿದ್ದರು.

"ಇಷ್ಟೊಂದು ಕರೆಂಟ್ ಯಾಕ್ರೀ ಎಳೀತಿದೀರಿ?"

"ಅಂಗಡಿ ಬಿಸಿ ಮಾಡಕ್ಕೆ ಸಾರ್."

ಇನ್ಸ್‌ಪೆಕ್ಟರ್ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ಸುತ್ತ ನೋಡಿದರು. "ಇದು ಬಿಸಿ ಮಾಡಿದ ಮೇಲಾ?"

"ಹೌದು ಸಾರ್."

"ಅಯ್ಯೋ ಪಾಪ. ಮಾಡದೇ ಇದ್ರೆ ಇನ್ನೇನು ಗತಿಯೋ." ಬೆರಳು ಮರಗಟ್ಟಿ ಪೆನ್ನು ಹಿಡಿಯಲಾಗದೆ, ಮೊದಲು ಒಂದು ಸ್ವೆಟರ್ ಕೊಂಡು ತೊಟ್ಟು, ಆಮೇಲೆ ವರದಿ ಬರೆದರು. "ಅಂಗಡಿಯನ್ನು ಬಿಸಿ ಮಾಡಲಾಗುತ್ತಿದೆ. ಆದರೂ ಸಾಲದು. ಇನ್ನೂ ಹೆಚ್ಚು ಕರೆಂಟ್ ಕೊಡಲು ಶಿಫಾರಸು ಮಾಡಿದೆ." ಸರ್ಕಾರಿ ಕೆಲಸದಲ್ಲಿ ಮಾನವೀಯತೆ ಇಲ್ಲ ಎನ್ನುವವರು ಆ ವರದಿಯನ್ನು ಓದಬೇಕು.

ಭಾವ ಐಸ್‌ಕ್ರೀಮಿನವರನ್ನು ಕರೆತರುವ ದಿನ ಬಂತು. ಕಪಾಟುಗಳು ಮುಕ್ಕಾಲು ಖಾಲಿಯಾಗಿದ್ದವು. ಅಕ್ಕ ಉಳಿದವನ್ನು ಎದ್ದು ಕಾಣುವಂತೆ ಜೋಡಿಸಿಟ್ಟಿದ್ದಳು. ಅದೇ ಬೆಳಗ್ಗೆ ಗೊತ್ತಪ್ಪನ ಕನ್ನಡಕದ ಕಡ್ಡಿ ಬಂತು. ಕೂರಿಸಿ ಕೊಂಡೊಯ್ದು ಕೊಟ್ಟೆ. ಅವನು ಕನ್ನಡಕ ಏರಿಸಿ, ಸ್ಟೂಲು ಹತ್ತಿ, ಬಿಲ್ಲೆ ಬಿಚ್ಚಿ ನೋಡಿದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದ.

"ಏನಾಯ್ತಯ್ಯ?" ಎಂದೆ.

"ಕೆಂಪು ನೂಲು ಕಣಯ್ಯ" ಎಂದ ಪಿಸುದನಿಯಲ್ಲಿ. "ಚಳಿಗೆ ಅಂತ ನಾನೇ ಕಟ್ಟಿದ್ದೆ. ಇದಕ್ಕೆ ನೋಡಿದ್ರೆ ಕೆಂಪು ಅಂದ್ರೆ ಬಿಸಿ. ಅವಳು ಕೆಂಪು ಕೆಂಪಿಗೆ ಹಾಕಿದಾಳೆ. ಇಷ್ಟು ದಿನ ಜನ ಕೊಂಡಿದ್ದು ನಮ್ಮ ಸ್ವೆಟರನ್ನಲ್ಲ, ಚಳೀನ. ಅವಳಿಗೆ ಹೇಗೆ ಹೇಳ್ಲಿ?"

ಅವನು ಬಿಲ್ಲೆಯನ್ನು ಹಾಗೇ ಮುಚ್ಚಿ ಯಂತ್ರ ಆಫ್ ಮಾಡುವಷ್ಟರಲ್ಲಿ ಭಾವ ಬಂದೇಬಿಟ್ಟರು. ಹಿಂದೆ ಐಸ್‌ಕ್ರೀಮ್ ವ್ಯಾಪಾರಿ, ತನ್ನ ಸರಕಿನ ರುಚಿ ತೋರಿಸಲು ದೊಡ್ಡ ಡಬ್ಬವನ್ನು ಮಗುವಿನಂತೆ ಎತ್ತಿಕೊಂಡಿದ್ದ.

ಖಾಲಿ ಕಪಾಟು ಕಂಡು ಭಾವನ ಹುಬ್ಬೇರಿತು. ಆದರೆ ಕೊಟ್ಟ ಮಾತಿಗಿಂತ ಕರೆತಂದ ಗಿರಾಕಿ ಹತ್ತಿರ. ಕಪಾಟು ಕಾಣದವರಂತೆ ಕೆಮ್ಮಿ, ಗೋಡೆಗಳನ್ನು ತೋರಿಸತೊಡಗಿದರು.

"ನಂಗೆ ಮುಖ್ಯವಾಗಿ ತಂಪು ನಿಲ್ಲಬೇಕು" ಎಂದ ವ್ಯಾಪಾರಿ.

"ತಂಪಾ? ಸ್ವಂತ ಯಂತ್ರ ಹಾಕ್ಸಿದೀನಿ ಸ್ವಾಮಿ. ನೋಡ್ತಿರಿ." ಭಾವ ಬಿಲ್ಲೆಯ ಕಡೆ ನಡೆದರು.

ಗೊತ್ತಪ್ಪ ಅಡ್ಡ ಬಂದ. "ಭಾವ, ಒಂದ್ನಿಮಿಷ, ಅದರ ತಂತಿ..."

"ಗೊತ್ತಪ್ಪ, ಗೊತ್ತು" ಎಂದರು ಭಾವ. ಗೊತ್ತಪ್ಪ ಬಾಯಿ ತೆರೆದವನು ಹಾಗೇ ಮುಚ್ಚಿದ. ಆ ಮಾತಿಗೆ ಉತ್ತರವಿಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?

ಭಾವ ತಂಪನ್ನು ಪೂರ್ತಿ ಇಟ್ಟರು. ಮೇಲಿನಿಂದ ಭುಸ್ ಎಂದು ಬಿಸಿಗಾಳಿ ಇಳಿಯಿತು.

"ಶುರುವಲ್ಲಿ ಸ್ವಲ್ಪ ಹಾಗೇ" ಎಂದರು ಭಾವ. ಯಂತ್ರವೂ ತನ್ನಷ್ಟಕ್ಕೆ ಯೋಚಿಸಿತು: ಸೆಕೆ ಹೆಚ್ಚಾಗುತ್ತಿದೆ, ಇನ್ನಷ್ಟು ತಂಪು ಮಾಡೋಣ. ಇನ್ನಷ್ಟು ಬೆಂಕಿ ಸುರಿಯಿತು. ಭಾವನ ಅಂಗಿ ಬೆನ್ನಿಗಂಟಿತು. ಅವರು ಒತ್ತಿದರು, ಬಿಸಿಯಾಯಿತು. ಇನ್ನೂ ಒತ್ತಿದರು, ಇನ್ನೂ ಬಿಸಿಯಾಯಿತು. ವ್ಯಾಪಾರಿಯ ಡಬ್ಬದ ಮುಚ್ಚಳ ತಾನಾಗಿಯೇ ಜಾರಿ, ಮೊದಲು ಒಂದು ಹನಿ, ಆಮೇಲೆ ಒಂದು ಧಾರೆ, ನೇರವಾಗಿ ಭಾವನ ಹೊಸ ಬೂಟಿನ ಮೇಲೆ.

ವ್ಯಾಪಾರಿ ಡಬ್ಬದೊಳಗೆ ಇಣುಕಿದ. ಹಾಲು ಕಂಡಿತು. "ಸ್ವಾಮಿ, ಇಲ್ಲಿ ಇಟ್ಟಿಗೆ ಸುಡಬಹುದು. ಐಸ್‌ಕ್ರೀಮ್ ಆಗಲ್ಲ" ಎಂದವನು ಭಾವ ಕೈ ಹಿಡಿಯುವ ಮೊದಲೇ ಬೀದಿಯ ತಿರುವಿನಲ್ಲಿದ್ದ.

ಗೊತ್ತಪ್ಪ ಓಡಿಬಂದು ಬಿಲ್ಲೆಯನ್ನು ಬಿಸಿಗೆ ತಿರುಗಿಸಿದ. ಹಿಮದಂಥ ಗಾಳಿ ಬೀಸಿತು. ಬೆವರಿನಲ್ಲಿ ತೊಯ್ದು ನಿಂತಿದ್ದ ಭಾವ ಗಡಗಡ ನಡುಗತೊಡಗಿದರು. ಅಕ್ಕ ಎದ್ದು ಬಂದಳು. ಕೆಂಪು ನೂಲಿನ ಸ್ವೆಟರೊಂದನ್ನು ಅಣ್ಣನ ತಲೆಯ ಮೇಲಿಂದ ಎಳೆದು ತೊಡಿಸಿ, ತೋಳು ಸರಿಮಾಡಿದಳು. ಅಳತೆ ಎಂದೂ ತೆಗೆದದ್ದಿಲ್ಲ. ಕರಾರುವಾಕ್ಕಾಗಿ ಕೂತಿತು.

ಭಾವ ಕುತ್ತಿಗೆ ಅಲ್ಲಾಡಿಸಿದರು. ಭುಜ ಅಲ್ಲಾಡಿಸಿದರು. ಏನನ್ನೋ ಕಾಯುತ್ತಿದ್ದರು. ಅದು ಬರಲಿಲ್ಲ.

"ಇದು ಚುಚ್ಚಲ್ಲ" ಎಂದರು.

"ಯಾವತ್ತೂ ಚುಚ್ಚಿರಲಿಲ್ಲ ಅಣ್ಣ" ಎಂದಳು ಅಕ್ಕ.

ಗೊತ್ತಪ್ಪ ಯಂತ್ರ ನಿಲ್ಲಿಸಿ, ಎಲ್ಲರೆದುರು ನೂಲಿನ ವಿಷಯ ಹೇಳಿಬಿಟ್ಟ. ಅಕ್ಕನ ಮುಖ ಬಾಡಿತು. "ಹಾಗಾದ್ರೆ ಜನ ತಗೊಂಡಿದ್ದು ಚಳಿ ಆಯ್ತು ಅಂತಾನಾ? ತಂತಿ ಸರಿ ಮಾಡಿದ ಮೇಲೆ ಯಾರು ಬರ್ತಾರೆ?"

"ಗೊತ್ತಿಲ್ಲ" ಎಂದ ಗೊತ್ತಪ್ಪ. ಈ ಮಾತು ಅವನ ಬಾಯಲ್ಲಿ ಬಂದದ್ದಕ್ಕೆ ನಾನೇ ಸಾಕ್ಷಿ. ಹಾಗೆಂದು ಸ್ಟೂಲು ಹತ್ತಿ, ಎರಡು ತಂತಿಗಳನ್ನೂ ಅದಲುಬದಲು ಮಾಡಿ ತಿರುಪು ಬಿಗಿದ. ಒಂದಿಷ್ಟು ಹೊತ್ತಿಗೆ ಅಂಗಡಿ ಹಿತವಾಗಿ ಬೆಚ್ಚಗಾಯಿತು. ಯಾರಿಗೂ ಖುಷಿಯಾಗಲಿಲ್ಲ.

ಆಗ ಫೋನ್ ಬಂತು. ಗೊತ್ತಪ್ಪ ಅಭ್ಯಾಸಬಲದಿಂದ ಸ್ಪೀಕರ್‌ಗೆ ಹಾಕಿದ. ಸಹಾಯವಾಣಿಯ ಹುಡುಗಿ.

"ಸರ್, ತಮ್ಮ ಸಮಸ್ಯೆ ಪರಿಹಾರ... ಆಕ್ಷಿ... ಆಯ್ತಾ ಅಂತ ಕೇಳಕ್ಕೆ ಮಾಡಿದೆ."

"ಆಯ್ತಮ್ಮ, ಸರಿ ಹೋಯ್ತು" ಎಂದು ಇಡಲು ಹೊರಟವನು ತಡೆದ. "ಅಲ್ಲಾ, ನೀನ್ಯಾಕಮ್ಮಾ ಯಾವಾಗ್ಲೂ ಸೀನ್ತೀಯಾ?"

"ಇಲ್ಲಿ ಎ.ಸಿ. ಸರ್. ಅದರ ಗುಂಡಿ ನಮ್ಮ ಕೈಲಿಲ್ಲ, ಎಲ್ಲೋ ಮೇಲಿನವರ ಹತ್ರ ಇದೆ. ವರ್ಷಪೂರ್ತಿ ನಡುಗ್ತಾನೇ ಇರ್ತೀವಿ."

ಗೊತ್ತಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದ. "ವರ್ಷಪೂರ್ತಿನಾ? ಬೇಸಿಗೇಲೂ?"

"ಬೇಸಿಗೇಲಿ ಇನ್ನೂ ಜಾಸ್ತಿ ಸರ್."

"ಎಷ್ಟು ಜನ ಇದೀರಮ್ಮ?"

"ಮೂರು ಮಹಡಿ ಸರ್."

"ನಮ್ಮದು ಸ್ವೆಟರ್ ಅಂಗಡಿ ಕಣಮ್ಮಾ. ನಮ್ಮ ಮನೆಯವಳೇ ಕೈಯಲ್ಲಿ ಹೆಣೀತಾಳೆ."

"ಸ್ವೆಟರ್ ನಾವೆಲ್ಲ ತಗೊಂಡು ನೋಡಿದೀವಿ ಸರ್. ಮೆಷಿನ್‌ನಲ್ಲಿ ಮಾಡಿದ್ದು. ದಿನವಿಡೀ ಹಾಕ್ಕೊಳ್ಳಕ್ಕೆ ಆಗಲ್ಲ, ಚುಚ್ಚುತ್ತೆ."

ಅಷ್ಟರಲ್ಲಿ ಭಾವ ಮುಂದೆ ಬಂದು ಗೊತ್ತಪ್ಪನ ಕೈಯಿಂದ ಫೋನ್ ಕಿತ್ತುಕೊಂಡರು. ಬೂಟಿನ ಮೇಲೆ ಇನ್ನೂ ಐಸ್‌ಕ್ರೀಮ್ ಇತ್ತು.

"ಇದು ಚುಚ್ಚಲ್ಲಮ್ಮ" ಎಂದರು ಗಟ್ಟಿಯಾಗಿ. "ನಾನೇ ಹಾಕ್ಕೊಂಡಿದೀನಿ. ನನ್ನ ತಂಗಿ ಹೆಣೆದಿದ್ದು. ಬೇಕಾದ್ರೆ ಒಂದು ಕಳಿಸ್ತೀವಿ, ಹಾಕ್ಕೊಂಡು ನೋಡಿ, ಆಮೇಲೆ ಮೂರು ಮಹಡಿಗೂ ಹೇಳಿ. ಈ ಅಂಗಡಿ ಎಲ್ಲಿಗೂ ಹೋಗಲ್ಲ, ಇಲ್ಲೇ ಇರುತ್ತೆ."

"ಕೆಂಪು ನೂಲಿಂದು ಕಳಿಸಿ" ಎಂದು ಒಳಗಿನಿಂದ ಅಕ್ಕ ಹೇಳಿದಳು. ಆಗಲೇ ಕಡ್ಡಿ ಕೈಗೆತ್ತಿಕೊಂಡಿದ್ದಳು. ಹುಡುಗಿ ಒಂದನ್ನು ತೊಟ್ಟು ನೋಡಿದಳು, ಆಮೇಲೆ ಮೂರು ಮಹಡಿಯೂ ತೊಟ್ಟಿತು. ಆ ಕಟ್ಟಡದ ಗುಂಡಿ ಯಾರ ಕೈಯಲ್ಲಿದೆಯೋ, ಅವರು ನೂರು ಕಾಲ ಬಾಳಲಿ ಎಂದು ಗೊತ್ತಪ್ಪ ಈಗಲೂ ಹರಸುತ್ತಾನೆ.

ಆ ದಿನ ಭಾವ ಹೊರಡುವಾಗ ಬೀದಿಯಲ್ಲಿ ಸುಡುಬಿಸಿಲು. ಸ್ವೆಟರ್ ಬಿಚ್ಚಲಿಲ್ಲ. ನೇರವಾಗಿ ನನ್ನ ಅಂಗಡಿಗೆ ಬಂದು ಕನ್ನಡಕ ತೆಗೆದು ಮುಂದೆ ಹಿಡಿದರು. ಗಾಜು ಪೂರ್ತಿ ಮಂಜಾಗಿತ್ತು. ಪಕ್ಕದ ಅಂಗಡಿ ಆಗ ತಣ್ಣಗಿರಲಿಲ್ಲ, ತಂತಿ ಸರಿಯಾಗಿತ್ತು.

"ನೀವು ಕೊಟ್ಟ ಗಾಜೇ ಸರಿ ಇಲ್ಲ ಕಣ್ರೀ" ಎಂದರು ಭಾವ ಬೇರೆಲ್ಲೋ ನೋಡುತ್ತಾ.

ನಾನು ಬಟ್ಟೆ ತೆಗೆದುಕೊಂಡು ಒರೆಸಿದೆ.

"ಗೊತ್ತು ಭಾವ, ಗೊತ್ತು" ಎಂದೆ.